ಕಾಲಿಗೆ ಗುಂಡು ಹೊಡೆಯಲು ಕಲಿಸಿದವರಾರು?

ಬೆಂಗಳೂರಿನ ಪತ್ರಿಕೆಗಳ ಅಪರಾಧ ಪುಟದಲ್ಲಿ ಒಂದು ಸುದ್ದಿ ವರ್ಷಗಳಿಂದ ಮತ್ತೆ ಮತ್ತೆ ಅಚ್ಚಾಗುತ್ತಿದೆ. ಠಾಣೆಯ ಹೆಸರು ಬದಲಾಗುತ್ತದೆ, ಆರೋಪಿಯ ಅಡ್ಡಹೆಸರು ಬದಲಾಗುತ್ತದೆ, ಮಿಕ್ಕಿದ್ದೆಲ್ಲ ಅದೇ. ಆರೋಪಿಯನ್ನು ಬೆಳಗಿನ ಜಾವ ಸ್ಥಳ ಮಹಜರಿಗೆ ಕರೆದೊಯ್ಯಲಾಗುತ್ತದೆ. ಅವನು ಚಾಕುವಿನಿಂದಲೋ ಕಲ್ಲಿನಿಂದಲೋ ಕಾನ್‌ಸ್ಟೆಬಲ್ ಒಬ್ಬರ ಕೈಗೆ ಗಾಯ ಮಾಡಿ ಓಡುತ್ತಾನೆ. ಇನ್‌ಸ್ಪೆಕ್ಟರ್ ಗಾಳಿಯಲ್ಲಿ ಒಂದು ಸುತ್ತು ಗುಂಡು ಹಾರಿಸಿ ಶರಣಾಗಲು ಸೂಚಿಸುತ್ತಾರೆ. ಅವನು ಕೇಳುವುದಿಲ್ಲ. ಆಗ ಆತ್ಮರಕ್ಷಣೆಗಾಗಿ ಎರಡನೆಯ ಗುಂಡು. ಅದು ಕಾಲಿಗೆ ತಗಲುತ್ತದೆ. ಗಾಯಗೊಂಡ ಇಬ್ಬರೂ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ ಎಂಬಲ್ಲಿಗೆ ವರದಿ ಮುಗಿಯುತ್ತದೆ.

ಇದನ್ನು ಓದಿ ಕೆಲವರು ‘ಭೇಷ್, ಇಂಥವರಿಗೆ ಹೀಗೇ ಆಗಬೇಕು’ ಎನ್ನುತ್ತಾರೆ. ಕೆಲವರು ‘ಇದೆಲ್ಲ ಮೊದಲೇ ಬರೆದಿಟ್ಟ ನಾಟಕ’ ಎನ್ನುತ್ತಾರೆ. ಎರಡು ಕಡೆಯವರೂ ವಾದಿಸುವುದು ಪೊಲೀಸರ ಉದ್ದೇಶದ ಬಗ್ಗೆ. ಪೊಲೀಸರ ಕೌಶಲದ ಬಗ್ಗೆ ಯಾರೂ ಕೇಳುವುದಿಲ್ಲ. ಅರೆಗತ್ತಲು, ಓಡುತ್ತಿರುವ ಮನುಷ್ಯ, ಏದುಸಿರು ಬಿಡುತ್ತಿರುವ ಅಧಿಕಾರಿ, ಕೈಯಲ್ಲಿ ಪಿಸ್ತೂಲು. ಇಷ್ಟರ ನಡುವೆ ಅಂಗೈ ಅಗಲದ, ಕ್ಷಣಕ್ಷಣಕ್ಕೂ ಜಾಗ ಬದಲಿಸುವ ಮೀನಖಂಡಕ್ಕೆ ಗುರಿ ಇಟ್ಟು ಹೊಡೆಯಬೇಕು. ಇದು ಎಷ್ಟು ಕಷ್ಟವೆಂಬುದಕ್ಕೆ ನ್ಯೂಯಾರ್ಕ್ ಪೊಲೀಸರ ಲೆಕ್ಕ ನೋಡಬಹುದು. ಅಲ್ಲಿನ ಪೊಲೀಸರು ವರ್ಷಕ್ಕೆ ಎರಡು ಬಾರಿ ಗುರಿ ಪರೀಕ್ಷೆಗೆ ಕೂರುತ್ತಾರೆ. ಅಂಥವರು 1998ರಿಂದ 2006ರವರೆಗೆ ನಿಜವಾದ ಗುಂಡಿನ ಕಾಳಗಗಳಲ್ಲಿ ಹೊಡೆದ ಗುಂಡುಗಳ ಪೈಕಿ ಗುರಿ ಮುಟ್ಟಿದ್ದು ಶೇ. 18 ಮಾತ್ರ ಎಂದು ರ‍್ಯಾಂಡ್ ಸಂಸ್ಥೆಯ 2008ರ ಅಧ್ಯಯನ ಹೇಳಿತು. ಎದುರಾಳಿ ತಿರುಗಿ ಗುಂಡು ಹಾರಿಸದಿದ್ದಾಗಲೂ ಅದು ಶೇ. 30 ದಾಟಲಿಲ್ಲ. ಇದು ದೇಹದ ಯಾವ ಭಾಗಕ್ಕಾದರೂ ತಗಲಿದ ಲೆಕ್ಕ, ಬರಿಯ ಕಾಲಿನದ್ದಲ್ಲ. 2012ರ ಆಗಸ್ಟ್ 24ರಂದು ಅದೇ ನಗರದ ಎಂಪೈರ್ ಸ್ಟೇಟ್ ಕಟ್ಟಡದ ಎದುರು ಇಬ್ಬರು ಪೊಲೀಸರು ಒಬ್ಬ ಕೊಲೆಗಾರನ ಮೇಲೆ 16 ಗುಂಡು ಹಾರಿಸಿದಾಗ ದಾರಿಹೋಕರು ಒಂಬತ್ತು ಮಂದಿ ಗಾಯಗೊಂಡಿದ್ದರು.

ಹಾಗಾದರೆ ನಮ್ಮ ಅಧಿಕಾರಿಗಳ ಗುರಿ ಅಮೆರಿಕದವರಿಗಿಂತ ಅಷ್ಟೊಂದು ಪಕ್ಕಾ ಆಗಿದೆಯೇ? ಆಗಿದ್ದರೆ ಸಂತೋಷ. ಅದನ್ನು ಕಲಿಸಿದ ಗುರುಗಳನ್ನು ಹುಡುಕಿ ಸನ್ಮಾನಿಸಬೇಕು. ಆಗಿಲ್ಲದಿದ್ದರೆ ವರದಿಯಲ್ಲಿ ಏನೋ ಬಿಟ್ಟುಹೋಗಿದೆ ಎಂದಾಯಿತು. ಎರಡರಲ್ಲಿ ಯಾವುದು ನಿಜವಾದರೂ ನಾವು ಹೋಗಿ ನಿಲ್ಲಬೇಕಾದದ್ದು ಬಂದೂಕು ಕಲಿಸುವವನ ಬಾಗಿಲಿಗೆ.

ಉತ್ತರ ಬೆಂಗಳೂರಿನಲ್ಲಿ ಆ ಬಾಗಿಲು ದೂರವೇನಿಲ್ಲ. ಯಲಹಂಕದಲ್ಲಿ ರಾಜ್ಯದ ಸಶಸ್ತ್ರ ಪೊಲೀಸ್ ತರಬೇತಿ ಶಾಲೆ ಇದೆ. ಹೆಬ್ಬಾಳದ ಆಚೆ ಥಣಿಸಂದ್ರದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ಗಳ ಕ್ಯಾಂಪಸ್‌ಗಳೂ ಯಲಹಂಕದ ಕಡೆಗೇ ಇವೆ. ಸೈನ್ಯದಲ್ಲೂ ಕೇಂದ್ರ ಪಡೆಗಳಲ್ಲೂ ಆಯುಧ ಕಲಿಸುವವನನ್ನು ‘ಉಸ್ತಾದ್’ ಎಂದು ಕರೆಯುವ ರೂಢಿ ಇದೆ. ನಮ್ಮ ಕರಾವಳಿಯ ಮಕ್ಕಳು ಮದ್ರಸದ ಅಧ್ಯಾಪಕರನ್ನು ಕರೆಯುವುದೂ ಹಾಗೆಯೇ. ಟ್ಯಾನರಿ ರಸ್ತೆಯ ಗ್ಯಾರೇಜಿನ ಹುಡುಗರು ದೊಡ್ಡ ಮೆಕ್ಯಾನಿಕನನ್ನು ಕರೆಯುವುದೂ ಅದೇ ಹೆಸರಿನಿಂದ. ಗ್ಯಾರೇಜಿನಲ್ಲಿ ಒಂದು ನ್ಯಾಯ ನಡೆಯುತ್ತದೆ: ಹುಡುಗ ಬಿಗಿ ಮಾಡಿದ ಬ್ರೇಕು ಕೈಕೊಟ್ಟರೆ ಗಿರಾಕಿ ಹುಡುಗನನ್ನು ಬಿಟ್ಟು ಉಸ್ತಾದನನ್ನು ಹಿಡಿಯುತ್ತಾನೆ. ಬಂದೂಕಿನ ವಿಷಯದಲ್ಲಿ ಈ ನ್ಯಾಯ ಏಕೋ ನಡೆಯುವುದಿಲ್ಲ.

ಇನ್ನೊಂದು ಹೋಲಿಕೆ ನೋಡಿ. ಯಶವಂತಪುರದ ಆರ್‌ಟಿಒ ವ್ಯಾಪ್ತಿಯಲ್ಲಿ ಯಾರಾದರೂ ಡ್ರೈವಿಂಗ್ ಸ್ಕೂಲ್ ತೆರೆದರೆ ಅಲ್ಲಿ ಕಾರು ಕಲಿಸುವವನ ಅರ್ಹತೆ ಏನಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸ್ಪಷ್ಟವಾಗಿ ಬರೆದಿವೆ. ಹತ್ತನೇ ತರಗತಿ ಪಾಸಾಗಿರಬೇಕು, ಐದು ವರ್ಷ ವಾಹನ ಓಡಿಸಿದ ಅನುಭವ ಇರಬೇಕು, ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಪ್ರಮಾಣಪತ್ರ ಇರಬೇಕು. ಯಾರು ಬೇಕಾದರೂ ಓದಬಹುದು, ಸ್ಕೂಲಿನ ಮಾಲೀಕನನ್ನು ಕೇಳಬಹುದು. ಖಾಸಗಿ ವ್ಯಕ್ತಿ ಬಂದೂಕಿನ ಲೈಸೆನ್ಸ್ ಕೇಳಿದರೆ 2016ರ ಆಯುಧ ನಿಯಮಗಳ ಪ್ರಕಾರ ಅವನು ಸುರಕ್ಷತಾ ತರಬೇತಿಯ ಪ್ರಮಾಣಪತ್ರ ತರಬೇಕು. ಆದರೆ ಸಾವಿರಾರು ಯುವಕರ ಕೈಗೆ ಸರಕಾರದ ಬಂದೂಕು ಕೊಟ್ಟು ‘ಇವನು ಈಗ ಬೀದಿಗೆ ಹೋಗಬಹುದು’ ಎಂದು ಸಹಿ ಹಾಕುವವನ ಅರ್ಹತೆಯನ್ನು ಜನ ಇಷ್ಟು ಸುಲಭವಾಗಿ ಓದಿ ತಿಳಿಯುವಂತೆ ಯಾರೂ ಇಟ್ಟಿಲ್ಲ.

ಗುರಿಕಾರನೆಲ್ಲ ಗುರುವಾಗಲಾರ. ತಾನು ಚೆನ್ನಾಗಿ ಹೊಡೆಯುವುದು ಒಂದು ವಿದ್ಯೆ, ಇನ್ನೊಬ್ಬನ ತಪ್ಪು ಎಲ್ಲಿದೆಯೆಂದು ಗುರುತಿಸುವುದು ಬೇರೆ ವಿದ್ಯೆ. ಕುದುರೆ ಎಳೆಯುವಾಗ ಬೆರಳು ಜರ್ಕ್ ಕೊಡುತ್ತಿದೆಯೇ, ಸದ್ದಿಗೆ ಮೊದಲೇ ಕಣ್ಣು ಮುಚ್ಚುತ್ತಿದೆಯೇ, ಉಸಿರು ಎಲ್ಲಿ ತಪ್ಪುತ್ತಿದೆ ಎಂಬುದನ್ನು ಪಕ್ಕದಲ್ಲಿ ಮಲಗಿ ನೋಡಿ ಹೇಳಬಲ್ಲವನು ಕಲಿಸುವವನು. ಬ್ರಿಟಿಷರು ಇದನ್ನು ಅರಿತೇ 1853ರಲ್ಲಿ ಹೈತ್ ಎಂಬಲ್ಲಿ ಮಸ್ಕೆಟ್ರಿ ಶಾಲೆ ತೆರೆದು ಕಲಿಸುವವರಿಗೇ ಮೊದಲು ಕಲಿಸಿದರು. ಮಸ್ಕೆಟ್ ಕೋವಿ ವಸ್ತುಸಂಗ್ರಹಾಲಯ ಸೇರಿದರೂ ‘ಮಸ್ಕೆಟ್ರಿ’ ಎಂಬ ಪದ ನಮ್ಮ ಪೊಲೀಸರ ಬಾಯಲ್ಲಿ ಉಳಿದಿದೆ. ಪದದ ಜೊತೆ ಅಭ್ಯಾಸದ ಕ್ರಮವೂ ಬಹುಮಟ್ಟಿಗೆ ಉಳಿದಿದೆ ಎಂಬುದೇ ತೊಂದರೆ. ಗ್ರೂಪಿಂಗ್, ಅಪ್ಲಿಕೇಶನ್, ಸ್ನ್ಯಾಪ್ ಎಂದು ಹೆಸರಿರುವ ಈ ಅಭ್ಯಾಸಗಳು ಸೈನಿಕನಿಗಾಗಿ ಹುಟ್ಟಿದವು. ಬಯಲು, ಹಗಲು, ಅಲ್ಲಾಡದ ಹಲಗೆ, ಅದರ ಹಿಂದೆ ಮಣ್ಣಿನ ದಿಬ್ಬ. ಹಲಗೆ ಕೈ ಎತ್ತಿ ಶರಣಾಗುವುದಿಲ್ಲ. ಹಲಗೆಯ ಹಿಂದೆ ಮಗುವನ್ನು ಎತ್ತಿಕೊಂಡ ಹೆಂಗಸು ನಿಂತಿರುವುದಿಲ್ಲ.

2020ರ ಆಗಸ್ಟ್ 11ರ ರಾತ್ರಿ ಆರ್.ಟಿ. ನಗರಕ್ಕೆ ತಾಗಿಕೊಂಡಿರುವ ಕಾವಲ್ ಬೈರಸಂದ್ರದಲ್ಲಿ, ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿಯಲ್ಲಿ ನಡೆದದ್ದು ನಮಗೆಲ್ಲ ನೆನಪಿದೆ. ಶಾಸಕರ ಮನೆಗೆ ಬೆಂಕಿ ಹಚ್ಚಿದ್ದು, ಠಾಣೆಗಳ ಮೇಲೆ ದಾಳಿ ಮಾಡಿದ್ದು ಅಕ್ಷಮ್ಯ. ಅದರಲ್ಲಿ ಎರಡು ಮಾತಿಲ್ಲ. ಪೊಲೀಸರ ಗುಂಡಿಗೆ ಮೂವರು ಸತ್ತರು ಎಂಬುದೂ ಅಷ್ಟೇ ನಿಜ. ಅದಕ್ಕೆ ಎಂಟು ತಿಂಗಳು ಮೊದಲು, 2019ರ ಡಿಸೆಂಬರ್ 19ರಂದು ಮಂಗಳೂರಿನ ಬಂದರು ಪ್ರದೇಶದಲ್ಲಿ ಇಬ್ಬರು ಸತ್ತಿದ್ದರು. ಎರಡೂ ಕಡೆ ಇಕ್ಕಟ್ಟಾದ ಬೀದಿಗಳು, ಒಂದರ ಹೆಗಲಿಗೆ ಒಂದು ತಾಗಿದ ಮನೆಗಳು, ಕಿಟಕಿಯಲ್ಲಿ ಇಣುಕುವ ಮುಖಗಳು. ನೂರಾರು ಮೀಟರ್ ದೂರದ ಶತ್ರುವಿಗಾಗಿ ತಯಾರಾದ ರೈಫಲ್ಲಿನ ಗುಂಡು ಇಂಥ ಓಣಿಯಲ್ಲಿ ಗೋಡೆಗೆ ಬಡಿದು ಎತ್ತ ಸಿಡಿಯುತ್ತದೆಂದು ಹೊಡೆದವನಿಗೂ ಗೊತ್ತಿರುವುದಿಲ್ಲ. ಆಮೇಲೆ ನಡೆಯುವ ಚರ್ಚೆಯೆಲ್ಲ ಆದೇಶ ಕೊಟ್ಟವರು ಯಾರು, ಎಚ್ಚರಿಕೆ ಕೊಟ್ಟರೇ, ಗುಂಪು ಎಷ್ಟಿತ್ತು ಎಂಬುದರ ಮೇಲೆಯೇ. ಕೇಳಲೇಬೇಕಾದ ಪ್ರಶ್ನೆಗಳಿವು. ಆದರೆ ರೈಫಲ್ ಹಿಡಿದ ಕಾನ್‌ಸ್ಟೆಬಲ್ ಕೊನೆಯ ಬಾರಿಗೆ ಫೈರಿಂಗ್ ರೇಂಜಿನಲ್ಲಿ ಕಾಡತೂಸು ಮುಟ್ಟಿದ್ದು ಯಾವಾಗ, ಓಣಿಯಲ್ಲಿ ಗುಂಪನ್ನು ಎದುರಿಸುವುದನ್ನು ಅವನಿಗೆ ಯಾರಾದರೂ ಒಮ್ಮೆಯಾದರೂ ಅಭ್ಯಾಸ ಮಾಡಿಸಿದ್ದರೇ ಎಂಬ ಪ್ರಶ್ನೆಯನ್ನು ಸಭೆಗಳಲ್ಲಾಗಲಿ ಸಂಪಾದಕೀಯಗಳಲ್ಲಾಗಲಿ ನಾವು ಕೇಳುವುದಿಲ್ಲ.

ಗುಂಪಿನ ಮೇಲೆ ಬಲಪ್ರಯೋಗದ ಬಗ್ಗೆ 1964ರಲ್ಲಿ ರಾಜ್ಯಗಳ ಪೊಲೀಸ್ ಮುಖ್ಯಸ್ಥರ ಸಮ್ಮೇಳನವೇ ಮಾದರಿ ನಿಯಮಗಳನ್ನು ಒಪ್ಪಿತ್ತು. ಗುಂಡು ಹಾರಿಸಲೇಬೇಕಾದರೆ ಗುರಿ ತಗ್ಗಿನಲ್ಲಿರಬೇಕು, ಗುಂಪಿನ ಅತಿ ಅಪಾಯಕಾರಿ ಭಾಗದ ಕಡೆಗಿರಬೇಕು ಎಂದು ಅದು ಹೇಳುತ್ತದೆ. ಗಾಳಿಯಲ್ಲಿ ಅಥವಾ ಜನರ ತಲೆಯ ಮೇಲಿಂದ ಹಾರಿಸಬಾರದು, ಏಕೆಂದರೆ ದೂರದ ಅಮಾಯಕರಿಗೆ ತಗಲೀತು ಎಂದೂ ಹೇಳುತ್ತದೆ. ಇದನ್ನು ಓದಿದ ಮೇಲೆ ಪತ್ರಿಕೆಯ ಆ ಸುದ್ದಿಗೆ ಮರಳಿ ನೋಡಿ. ‘ಗಾಳಿಯಲ್ಲಿ ಒಂದು ಸುತ್ತು’ ಎಂಬುದನ್ನು ಸಂಯಮದ ಸಾಕ್ಷಿಯೆಂಬಂತೆ ಬರೆಯಲಾಗಿರುತ್ತದೆ. ನಿಯಮ ಗುಂಪಿನ ಕುರಿತಾದದ್ದು ನಿಜ, ಆದರೆ ಮೇಲೆ ಹೋದ ಗುಂಡು ಒಬ್ಬನಿಗಾಗಿ ಹಾರಿಸಿದ್ದೆಂದು ಆಕಾಶದಲ್ಲೇ ಉಳಿಯುವುದಿಲ್ಲವಲ್ಲ! ಯಲಹಂಕದ ಹೊಸ ಬಡಾವಣೆಗಳಲ್ಲಿ ಈಗ ತಾರಸಿಯಿಲ್ಲದ ಬೀದಿ ಎಲ್ಲಿದೆ?

ಕಾಲಿನ ವಿಷಯವೂ ಅಷ್ಟೇ. ತೊಡೆಯ ದೊಡ್ಡ ರಕ್ತನಾಳಕ್ಕೆ ಗುಂಡು ತಗಲಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ರಕ್ತ ಸೋರಿ ಸಾಯಬಲ್ಲ. ‘ಕಾಲಿಗೇ ತಾನೆ’ ಎಂಬ ಸಮಾಧಾನಕ್ಕೆ ವೈದ್ಯಶಾಸ್ತ್ರದ ಬೆಂಬಲವಿಲ್ಲ. ಕಾಲಿಗೆ ಗುರಿ ಇಡುವುದನ್ನೇ ಕಲಿಸುವ ಪೊಲೀಸ್ ವ್ಯವಸ್ಥೆಗಳು ಜಗತ್ತಿನಲ್ಲಿ ಇಲ್ಲವೆಂದಲ್ಲ. ಜರ್ಮನಿಯಲ್ಲಿ ಕಲಿಸುತ್ತಾರೆ. ಆದರೆ ಅಲ್ಲಿ ಪೊಲೀಸನಾಗಲು ಎರಡೂವರೆಯಿಂದ ಮೂರು ವರ್ಷದ ತರಬೇತಿ ಇದೆ. ನಮ್ಮಲ್ಲೂ ಅದೇ ನೀತಿ ಎಂದಾದರೆ ಬಹಿರಂಗವಾಗಿ ಹೇಳಲಿ, ಪಠ್ಯದಲ್ಲಿ ಬರೆಯಲಿ, ಕಲಿಸುವವನನ್ನೂ ಕಲಿತವನನ್ನೂ ಅದರಲ್ಲೇ ಪರೀಕ್ಷಿಸಲಿ. ಗುಂಡು ಹೊಡೆದವನೇ ಆ ಕಾಲಿಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸುವುದನ್ನೂ ಆ ಉಸ್ತಾದನೇ ಕಲಿಸಲಿ.

ಕಾನೂನನ್ನೂ ಅವನೇ ಕಲಿಸಬೇಕು ಎಂಬುದು ನನ್ನ ವಾದ. ಈಗ ಕಾನೂನು ತರಗತಿಯ ಕೋಣೆಯಲ್ಲಿ, ಬಂದೂಕು ಮೈದಾನದಲ್ಲಿ. ಎರಡೂ ಪರಸ್ಪರ ಮುಖ ನೋಡುವುದಿಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪವಿಲ್ಲದವನನ್ನು ಬಂಧಿಸುವ ನೆಪದಲ್ಲಿ ಕೊಲ್ಲುವ ಹಕ್ಕು ಯಾರಿಗೂ ಇಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನೇ ಹೇಳುತ್ತದೆ. 2014ರ ಪಿಯುಸಿಎಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎನ್‌ಕೌಂಟರುಗಳ ಬಗ್ಗೆ ಹದಿನಾರು ಸೂಚನೆಗಳನ್ನು ಕೊಟ್ಟಿತು. ಸ್ವತಂತ್ರ ತನಿಖೆ ನಡೆಯಬೇಕು, ಗುಂಡು ಹಾರಿಸಿದವರು ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು. ಸಾವಾಗದೆ ತೀವ್ರ ಗಾಯವಾದಾಗಲೂ ಸಾಧ್ಯವಾದ ಮಟ್ಟಿಗೆ ಇವು ಅನ್ವಯಿಸುತ್ತವೆ ಎಂದೂ ಹೇಳಿತು. ಅಂದರೆ ಕಾಲಿಗೆ ಬಿದ್ದ ಗುಂಡಿಗೂ. ಕುದುರೆಯ ಮೇಲೆ ಬೆರಳಿಡುವ ಕ್ಷಣದಲ್ಲಿ ಇದು ನೆನಪಾಗಬೇಕಾದರೆ ಕೋಣೆಯಲ್ಲಿ ಬರೆಸಿದ ಟಿಪ್ಪಣಿ ಸಾಲದು. ‘ಈಗ ಹೊಡೆಯಬೇಡ’ ಎಂಬ ಪಾಠವನ್ನು ರೇಂಜಿನಲ್ಲೇ, ಬಂದೂಕು ಕೈಯಲ್ಲಿರುವಾಗಲೇ ಕಲಿಸಬೇಕು.

ಇದಕ್ಕೆ ಯಾರು ಸಿಗುತ್ತಾರೆ? ತರಬೇತಿ ಶಾಲೆಗೆ ವರ್ಗವಾದರೆ ಶಿಕ್ಷೆಯಾಯಿತೆಂದು ತಿಳಿಯುವ ಇಲಾಖೆಯಲ್ಲಿ ಉತ್ಸಾಹಿಗಳು ಸಿಗುವುದು ಕಷ್ಟ. ಕವಾಯತಿಗಿಂತ ಮನುಷ್ಯರನ್ನು ಅರಿಯುವ ವಿದ್ಯೆಗೆ ಒತ್ತು ಕೊಡಿ ಎಂದು ಎಂ.ಎಸ್. ಗೋರೆ ಸಮಿತಿ ಹೇಳಿದ್ದು 1973ರಲ್ಲಿ. ಆ ವರದಿಗೆ ಐವತ್ತು ವರ್ಷ ದಾಟಿದೆ. ಒಮ್ಮೆ ಕಲಿತದ್ದನ್ನು ಮತ್ತೆ ತಿಕ್ಕಿ ಹೊಳಪು ಕೊಡುವ ವ್ಯವಸ್ಥೆಯೂ ಬಡವಾಗಿದೆ. ದೇಶದಲ್ಲಿ ಹಿಂದಿನ ಐದು ವರ್ಷಗಳಲ್ಲಿ ಸರಾಸರಿ ಶೇ. 6.4ರಷ್ಟು ಪೊಲೀಸರಿಗೆ ಮಾತ್ರ ಸೇವಾವಧಿಯ ತರಬೇತಿ ಸಿಕ್ಕಿದೆ ಎಂದು ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್‌ನ 2019ರ ವರದಿ ಹೇಳಿತು. ಫಲವನ್ನು ಉತ್ತರ ಪ್ರದೇಶ ಕಣ್ಣಿಗೆ ಕಟ್ಟುವಂತೆ ತೋರಿಸಿತು. 2022ರ ಡಿಸೆಂಬರಿನಲ್ಲಿ ಸಂತ ಕಬೀರ್ ನಗರ ಜಿಲ್ಲೆಯ ಠಾಣೆಯೊಂದರ ತಪಾಸಣೆಗೆ ಬಂದ ಹಿರಿಯ ಅಧಿಕಾರಿಯ ಮುಂದೆ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಂದೂಕಿನ ನಳಿಗೆಯ ಬಾಯಿಯಿಂದ ಗುಂಡು ತುಂಬಲು ಹೊರಟರು. ದೇಶ ನಕ್ಕಿತು. ಮರುವರ್ಷ ಡಿಸೆಂಬರ್ 8ರಂದು ಅಲಿಗಢದ ಠಾಣೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಪಾಸ್‌ಪೋರ್ಟ್ ಪರಿಶೀಲನೆಗೆಂದು ಮಗನೊಂದಿಗೆ ಬಂದು ನಿಂತಿದ್ದ ತಾಯಿಯೊಬ್ಬರ ತಲೆಗೆ, ಸಬ್ ಇನ್‌ಸ್ಪೆಕ್ಟರ್ ಕೈಯಲ್ಲಿ ಹಿಡಿದು ನೋಡುತ್ತಿದ್ದ ಪಿಸ್ತೂಲಿನಿಂದ ಗುಂಡು ಹಾರಿತು. ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಆಯುಧ ಕೈಗೆ ಬಂದೊಡನೆ ಖಾಲಿ ಇದೆಯೇ ಎಂದು ನೋಡು, ನಳಿಗೆಯನ್ನು ಮನುಷ್ಯರತ್ತ ತಿರುಗಿಸಬೇಡ ಎಂಬುದು ಬಂದೂಕಿನ ಮೊದಲ ದಿನದ ಪಾಠ.

ಲಂಡನ್ನಿನಲ್ಲಿ 1983ರ ಜನವರಿಯಲ್ಲಿ ಪೊಲೀಸರು ತಲೆತಪ್ಪಿಸಿಕೊಂಡ ಅಪರಾಧಿಯೆಂದು ತಿಳಿದು ಸ್ಟೀಫನ್ ವಾಲ್ಡಾರ್ಫ್ ಎಂಬ ನಿರಪರಾಧಿಯ ಮೇಲೆ ಗುಂಡು ಹಾರಿಸಿದರು. ಅವರು ಬದುಕಿಕೊಂಡರು. ಅಲ್ಲಿನ ಸರಕಾರ ಆಗ ಬಂದೂಕು ಹಿಡಿಯುವ ಪೊಲೀಸರ ಆಯ್ಕೆ ಮತ್ತು ತರಬೇತಿಯನ್ನೇ ಮರುಪರಿಶೀಲಿಸಿತು. 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ತತ್ವಗಳೂ ವಿಶೇಷ ತರಬೇತಿ ಮುಗಿಸಿದವರಿಗಷ್ಟೇ ಬಂದೂಕು ಕೊಡಿ, ಕೌಶಲವನ್ನು ನಿಗದಿತ ಮಾನದಂಡದಿಂದ ಅಳೆಯಿರಿ ಎನ್ನುತ್ತವೆ.

ಇದನ್ನು ಒಂದು ಸಮುದಾಯದ ಅಳಲೆಂದು ಯಾರೂ ತಳ್ಳಿಹಾಕಬಾರದು. 1980ರ ಜುಲೈ 21ರಂದು ನರಗುಂದದಲ್ಲಿ ಗುಂಡು ತಿಂದವರು ರೈತರು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದವರೂ ರೈತರೇ. ಆ ಕಾನ್‌ಸ್ಟೆಬಲ್ಲನ ಪಾಡೂ ಇದರಲ್ಲಿದೆ. ಸರಿಯಾಗಿ ಕಲಿಸದೆ ಬಂದೂಕು ಕೊಟ್ಟು ಓಣಿಗೆ ನುಗ್ಗಿಸುತ್ತಾರೆ. ನಾಳೆ ವಿಚಾರಣೆ ನಡೆದರೆ ಬೆರಳು ಯಾರದ್ದೆಂದು ಕೇಳುತ್ತಾರೆ. ಕಲಿಸಿದವನೂ ಅವನನ್ನು ಪಾಸು ಮಾಡಿಸಿದ ಮೇಲಧಿಕಾರಿಯೂ ಆ ಹೊತ್ತಿಗೆ ಬೇರೆ ಊರಿನಲ್ಲಿರುತ್ತಾರೆ.

ಕಾರ್ಯಾಚರಣೆಯ ತಂತ್ರಗಳು ಗುಟ್ಟಾಗಿರಲಿ, ಯಾರ ತಕರಾರೂ ಇಲ್ಲ. ಯಲಹಂಕ, ಥಣಿಸಂದ್ರಗಳಲ್ಲಿ ಆಯುಧ ಕಲಿಸುವವನಿಗೆ ಬೇಕಾದ ಅರ್ಹತೆ ಏನು, ಎಷ್ಟು ವರ್ಷಕ್ಕೊಮ್ಮೆ ಅವನನ್ನೇ ಮರುಪರೀಕ್ಷಿಸುತ್ತಾರೆ, ಕಲಿಯಲಾರದವನನ್ನು ಫೇಲ್ ಮಾಡುವ ಅಧಿಕಾರ ಅವನಿಗಿದೆಯೇ, ಇದ್ದರೆ ಕಳೆದ ವರ್ಷ ಎಷ್ಟು ಮಂದಿಯನ್ನು ಫೇಲ್ ಮಾಡಿದ್ದಾನೆ ಎಂಬ ನಾಲ್ಕು ಪ್ರಶ್ನೆಗಳಿಗೆ ಗೃಹ ಇಲಾಖೆ ಒಂದು ಹಾಳೆಯಲ್ಲಿ ಉತ್ತರ ಪ್ರಕಟಿಸಬಹುದು. ನಮ್ಮ ಶಾಸಕರಲ್ಲಿ ಒಬ್ಬರು ಮುಂದಿನ ಅಧಿವೇಶನದಲ್ಲಿ ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಎತ್ತಲಿ. ನಾಲ್ಕನೆಯದಕ್ಕೆ ಬರುವ ಸಂಖ್ಯೆಯನ್ನು ಓದಲು ನಾನು ಕಾದಿದ್ದೇನೆ.