ತಿಮಿಂಗಿಲದ ಕಣ್ಣು, ಮನುಷ್ಯನ ಹೊಟ್ಟೆ

ಹಳೇಬೀಡಿನ ಗುಡಿಯ ಗೋಡೆಯಲ್ಲಿ ಹಂಸಗಳ ಸಾಲಿನ ಕೆಳಗೆ ಮಕರಗಳ ಸಾಲೊಂದಿದೆ. ಕಣಕಟ್ಟೆಯ ತೆಂಗಿನ ತೋಟಗಳ ನಡುವೆ ಬೆಳೆದ ನನಗೆ ಕಡಲಿನ ದೊಡ್ಡ ಪ್ರಾಣಿಯೆಂದರೆ ಬಹುಕಾಲ ಆ ಕಲ್ಲಿನ ಮಕರವೇ. ತಿಮಿಂಗಿಲ ಬೇಟೆಯ ವಿರುದ್ಧ ಹೋರಾಡಿದ ಕೆನಡಾದ ಪಾಲ್ ವಾಟ್ಸನ್ ಅವರ ಬದುಕನ್ನು ಓದುವಾಗ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಜೀವಂತವಾದ ಒಂದು ಕಣ್ಣು.

1975ರ ಜೂನ್. ಕ್ಯಾಲಿಫೋರ್ನಿಯಾದಾಚೆಯ ಕಡಲಲ್ಲಿ ಸೋವಿಯತ್ ಬೇಟೆ ಹಡಗಿಗೂ ತಿಮಿಂಗಿಲಗಳಿಗೂ ನಡುವೆ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ರಬ್ಬರ್ ದೋಣಿ. ಅದರಲ್ಲಿ ವಾಟ್ಸನ್. ಈಟಿ ತಲೆಯ ಮೇಲಿಂದಲೇ ಹಾರಿ ಹೋಗಿ ಒಂದು ತಿಮಿಂಗಿಲಕ್ಕೆ ನಾಟಿತು. ಹಡಗಿನ ಮೇಲೆ ನುಗ್ಗಿದ ಇನ್ನೊಂದು ತಾನೂ ಏಟು ತಿಂದು ದೋಣಿಯ ಪಕ್ಕದಲ್ಲೇ ಮೇಲೆದ್ದಿತು; ಆ ಕಣ್ಣು ಅದರದ್ದೇ. ಅದು ನಮ್ಮನ್ನು ಮುಳುಗಿಸಬಹುದಿತ್ತು, ಮುಳುಗಿಸಲಿಲ್ಲ ಎಂದು ವಾಟ್ಸನ್ ಇಂದಿಗೂ ಹೇಳುತ್ತಾರೆ. ಆ ಋಣ ತೀರಿಸುವುದರಲ್ಲೇ ಅವರ ಆಯಸ್ಸು ಕಳೆದಿದೆ.

1977ರಲ್ಲಿ ಗ್ರೀನ್‌ಪೀಸ್‌ನಿಂದ ಹೊರಬಿದ್ದು ಸೀ ಶೆಫರ್ಡ್ ಎಂಬ ತಮ್ಮದೇ ಸಂಘಟನೆ ಕಟ್ಟಿದರು. 1979ರಲ್ಲಿ ಪೋರ್ಚುಗಲ್ ಬಳಿ 'ಸಿಯೆರಾ' ಎಂಬ ಬೇಟೆ ಹಡಗಿಗೆ ತಮ್ಮ ಹಡಗನ್ನೇ ಗುದ್ದಿಸಿದರು. 1986ರಲ್ಲಿ ಅವರ ಸಂಗಡಿಗರು ಐಸ್‌ಲ್ಯಾಂಡಿನ ರೇಕ್ಯವಿಕ್ ಬಂದರಿನಲ್ಲಿ ಎರಡು ಬೇಟೆ ಹಡಗು ಮುಳುಗಿಸಿದರು. ಕಡಲ್ಗಳ್ಳ ಎಂಬ ಬಿರುದು ಬಂತು. ನಾನು ಆ ಮಾತು ಒಪ್ಪಲಾರೆ. ವಾಣಿಜ್ಯ ಬೇಟೆಗೆ 1986ರಿಂದ ಅಂತರರಾಷ್ಟ್ರೀಯ ತಡೆ ಇತ್ತು, ಕಾಯುವವರಿರಲಿಲ್ಲ. ವಿಜ್ಞಾನದ ಹೆಸರಿನಲ್ಲಿ ಅಂಟಾರ್ಕ್ಟಿಕಾ ಕಡಲಲ್ಲಿ ಜಪಾನ್ ನಡೆಸಿದ ಬೇಟೆ ವಿಜ್ಞಾನಕ್ಕಾಗಿ ಅಲ್ಲವೆಂದು 2014ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೇ ತೀರ್ಪಿತ್ತಿತು. ಹಾಗಿದ್ದೂ 2024ರಲ್ಲಿ ಜಪಾನಿನ ಕೋರಿಕೆಯ ಮೇಲೆ ಗ್ರೀನ್‌ಲ್ಯಾಂಡಿನ ಜೈಲಿನಲ್ಲಿ ಸುಮಾರು ಐದು ತಿಂಗಳು ಕಳೆದವರು ವಾಟ್ಸನ್.

ಆದರೆ ಮಕಾ ಜನರ ವಿಷಯದಲ್ಲಿ ನನ್ನ ಮನಸ್ಸು ಅವರ ಜೊತೆ ನಿಲ್ಲುವುದಿಲ್ಲ. ಅಮೆರಿಕದ ಈ ಮೂಲನಿವಾಸಿಗಳು 1855ರ ಒಪ್ಪಂದದಲ್ಲಿ ತಮ್ಮ ಬೇಟೆಯ ಹಕ್ಕನ್ನು ಉಳಿಸಿಕೊಂಡವರು. 1999ರಲ್ಲಿ, ದಶಕಗಳ ಮೇಲೆ, ಒಂದೇ ಒಂದು ತಿಮಿಂಗಿಲ ಹಿಡಿದರು. ಕಾರ್ಖಾನೆ ಹಡಗಿನೆದುರು ನಿಂತ ಸೀ ಶೆಫರ್ಡ್ ಇವರ ಎದುರೂ ನಿಂತಿತು. ಈಟಿ ಯಾರ ಕೈಯಲ್ಲಿದೆ, ಯಾತಕ್ಕಿದೆ ಎಂದು ನೋಡದ ಕರುಣೆಗೆ ಅರ್ಧ ದೃಷ್ಟಿ ಮಾತ್ರ.

ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದ ಮರಳಿನಲ್ಲಿ ಕಡಲಾಮೆ ಮೊಟ್ಟೆಯಿಡುತ್ತದೆ. ಅಲ್ಲಿ ಖಾಸಗಿ ಬಂದರು ಬೇಡವೆಂದು ಬೀದಿಗಿಳಿದವರು ಮೀನುಗಾರರೇ. ಆಮೆ ಉಳಿಯಬೇಕಾದದ್ದೂ, ಬಲೆ ಬೀಸಬೇಕಾದದ್ದೂ ಒಂದೇ ದಡದಲ್ಲಿ. ಇಲ್ಲಿ ಯಾರ ಬೋಟಿಗೆ ಗುದ್ದುವುದು?

ಗುಜರಾತಿನ ವೆರಾವಲ್ ಕಡೆ ಬೇರೆ ದಾರಿ ಹಿಡಿದರು. ತಿಮಿಂಗಿಲ ಶಾರ್ಕ್ ಎಂಬ ದೊಡ್ಡ ಮೀನಿಗೆ 2001ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಕಾನೂನಿಗಿಂತ ಹೆಚ್ಚು ನಾಟಿದ್ದು ಕಥಾವಾಚಕ ಮೊರಾರಿ ಬಾಪು ಆಡಿದ ಮಾತು: ಇದು ಹೆರಿಗೆಗೆ ತವರಿಗೆ ಬಂದ ಮಗಳು. ಬಲೆ ಹಾಳಾದರೆ ಅರಣ್ಯ ಇಲಾಖೆ ಪರಿಹಾರವನ್ನೂ ಕೊಟ್ಟಿತು. ಹಿಂದೆ ಅದೇ ಮೀನನ್ನು ಕೊಕ್ಕೆ ಹಾಕಿ ದಡಕ್ಕೆಳೆಯುತ್ತಿದ್ದ ಊರುಗಳ ಜನ, ಚೂರಿ ತೆಗೆದು ತಮ್ಮ ಬಲೆಯನ್ನೇ ಕೊಯ್ದು ಅದನ್ನು ಕಡಲಿಗೆ ಬಿಡತೊಡಗಿದರು.