ಕಲ್ಲಿನಡಿಯ ಲೆಕ್ಕ

ತುಂಗಭದ್ರಾ ಜಲಾಶಯದ ಹೂಳಿನ ಮಾತು ಬಾರದ ಬೇಸಿಗೆ ಇಲ್ಲ. 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ನಿಲ್ಲುವುದು ಸುಮಾರು 105. ನವಲಿಯಲ್ಲಿ ಇನ್ನೊಂದು ಜಲಾಶಯ ಬೇಕೆಂಬ ಬೇಡಿಕೆ ಹುಟ್ಟಿದ್ದೇ ಈ ನಷ್ಟದ ಲೆಕ್ಕದಿಂದ. ಆದರೆ ಆ ಹೂಳು ಅಣೆಕಟ್ಟು ಮುಟ್ಟುವ ಮೊದಲು ಮಲೆನಾಡಿನ ಎಷ್ಟೋ ಹಳ್ಳಗಳನ್ನು ಹಾದು ಬಂದಿರುತ್ತದೆ. ಅಲ್ಲಿ ಅದು ಏನೇನನ್ನು ಮುಚ್ಚಿತು ಎಂದು ಕೇಳುವವರಿಲ್ಲ. ಊರೂರಲ್ಲಿ ಈಗ ನಡೆಯುತ್ತಿರುವ ‘ಹಳ್ಳದ ಹೂಳೆತ್ತುವ’ ಕೆಲಸ ದಾರಿ ತಪ್ಪಿರುವುದು ಇಲ್ಲೇ.

ಮಳೆಗಾಲ ಮುಗಿದು ನೀರು ಇಳಿದ ಮೇಲೆ ಕಾಡಂಚಿನ ಹಳ್ಳಕ್ಕಿಳಿದು ಅಂಗೈ ಅಗಲದ ಕಲ್ಲೊಂದನ್ನು ಮಗುಚಿ ನೋಡಿ. ಚಪ್ಪಟೆ ಮೈಯ ಮೇಫ್ಲೈ ಮರಿಗಳು ಬೆಳಕಿಗೆ ಬೆಚ್ಚಿ ಸರಕ್ಕನೆ ಆಚೆ ಮಗ್ಗುಲಿಗೆ ಜಾರುತ್ತವೆ; ಅವುಗಳ ಹೊಟ್ಟೆಯ ಇಕ್ಕೆಲದಲ್ಲಿ ಎಲೆಯಂಥ ಕಿವಿರುಗಳು. ಪಕ್ಕದಲ್ಲೇ ಕ್ಯಾಡಿಸ್ ಹುಳು ತನ್ನದೇ ರೇಷ್ಮೆಯಿಂದ ಮರಳಿನ ಕಾಳುಗಳನ್ನು ಅಂಟಿಸಿ ಕಟ್ಟಿಕೊಂಡ ಕೊಳವೆಮನೆ. ಇವಕ್ಕೆಲ್ಲ ಬೇಕಾದದ್ದು ಕಲ್ಲು ಕಲ್ಲುಗಳ ನಡುವಿನ ಸಂದು. ನೀರು ಆ ಸಂದಿನಲ್ಲಿ ನುಸುಳಿ ಆಮ್ಲಜನಕವನ್ನು ಒಯ್ಯುತ್ತದೆ. ಎರಡು ಮಿಲಿಮೀಟರಿಗಿಂತ ಸಣ್ಣ ಮರಳು, ಗೋಡು ಬಂದು ಕೂತರೆ ಸಂದೇ ಇಲ್ಲವಾಗುತ್ತದೆ. ಕಿವಿರಿಗೆ ಮಣ್ಣು ಮೆತ್ತುತ್ತದೆ. ಕಲ್ಲಿನ ಮೇಲಿನ ಪಾಚಿಗೆ ಬೆಳಕು ಸಿಗುವುದಿಲ್ಲ. ಪಾಚಿ ಕೆರೆದು ತಿನ್ನುವ ಮೀನಿಗೆ ಮೇವಿಲ್ಲ. ಜಲ್ಲಿಯ ನಡುವೆ ಇಟ್ಟ ಮೊಟ್ಟೆಗಳು ಉಸಿರುಗಟ್ಟುತ್ತವೆ. ಕೊನೆಗೆ ಉಳಿಯುವುದು ಕೆಸರಿಗೆ ಒಗ್ಗಿದ ಕೆಂಪು ಹುಳುಗಳು ಮಾತ್ರ. ನೀರು ತಿಳಿಯಾದ ಮಾತ್ರಕ್ಕೆ ತಳ ತಿಳಿಯಾಗಿರುವುದಿಲ್ಲ.

ಹೂಳು ನ್ಯಾಯಾಲಯದ ಮೆಟ್ಟಿಲು ಹತ್ತಿದ ದೊಡ್ಡ ಪ್ರಸಂಗ ಕುದುರೆಮುಖದ್ದು. ಭದ್ರೆಯ ಮೇಲ್ಭಾಗದಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿ, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ, 2005ರ ಕೊನೆಗೆ ನಿಂತಿತು. ಅಲ್ಲಿ ಬೆಟ್ಟ ಕಣ್ಣೆದುರೇ ಕರಗುತ್ತಿತ್ತು, ಹೊಳೆ ಕೆಂಪಾಗುತ್ತಿತ್ತು, ಹೊಣೆ ಹೊರಿಸಲು ಒಬ್ಬ ಒಡೆಯನಿದ್ದ. ಇಂದಿನ ಹೂಳಿಗೆ ಆ ಒಡೆಯನಿಲ್ಲ. ರಸ್ತೆ ಅಗಲ ಮಾಡುವವರು ಧರೆ ಕಡಿದ ಮಣ್ಣನ್ನು ಕೆಳಗಿನ ಇಳಿಜಾರಿಗೇ ನೂಕುತ್ತಾರೆ. ಹೋಂಸ್ಟೇಗೆಂದು ಗುಡ್ಡದ ನೆತ್ತಿ ಸಪಾಟಾಗುತ್ತದೆ. ಶುಂಠಿಯ ಕತೆ ಇನ್ನೂ ಬಿಗಿಯಾದದ್ದು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಆದ್ದರಿಂದ ಏರುಮಡಿ, ಮಡಿಗಳ ನಡುವೆ ಇಳಿಜಾರಿನುದ್ದ ನೇರ ಬಸಿಗಾಲುವೆ. ಕೊಳೆರೋಗದ ಭಯಕ್ಕೆ ಮತ್ತೆ ಹೊಸ ಜಾಗ ಗುತ್ತಿಗೆಗೆ ಹಿಡಿದು ಅಗೆಯಬೇಕು. ಬೆಳೆ ಉಳಿಸುವ ಆ ಕಾಲುವೆಯೇ ಮೊದಲ ಮಳೆಗೆ ಸಡಿಲ ಮಣ್ಣನ್ನು ಹಳ್ಳಕ್ಕೆ ಇಳಿಸುವ ಜಾರುಬಂಡೆ. ರೈತನನ್ನು ಬೈದು ಪ್ರಯೋಜನವಿಲ್ಲ. ಅವನ ಲೆಕ್ಕದಲ್ಲಿ ಅದು ಸರಿಯೇ. ಹಳ್ಳದ ಲೆಕ್ಕ ಇಟ್ಟವರಿಲ್ಲ, ಅಷ್ಟೆ.

ಹೀಗೆ ತುಂಬಿದ ಹಳ್ಳ ಉಕ್ಕಿ ಅಡಿಕೆ ತೋಟಕ್ಕೆ ನುಗ್ಗುತ್ತದೆ. ಆಗ ಹಿಟಾಚಿ ಬರುತ್ತದೆ. ತೋಟದವರ ಸಂಕಟ ಸುಳ್ಳಲ್ಲ, ಒಂದು ಮಳೆಗಾಲದ ಮಟ್ಟಿಗೆ ನೀರು ಸರಾಗವಾಗಿ ಹೋಗುವುದೂ ನಿಜ. ಆದರೆ ಈ ಮದ್ದು ನಾವು ಕೆರೆಯಿಂದ ಎರವಲು ತಂದದ್ದು. ಕೆರೆ ಇರುವುದೇ ನೀರನ್ನೂ ಗೋಡನ್ನೂ ಹಿಡಿಯಲು. ಅದರ ಗೋಡು ತೆಗೆದು ಹೊಲಕ್ಕೆ ಹೊಡೆಯುವುದು ಬಯಲುಸೀಮೆಯ ಹಳೆಯ ಜಾಣತನ. ಹಳ್ಳ ಹಾಗಲ್ಲ. ಹಿಟಾಚಿಯ ಬಕೆಟ್ಟಿಗೆ ಹೂಳು ಯಾವುದು, ಹಳ್ಳದ ಸ್ವಂತ ಕಲ್ಲು ಯಾವುದು ಎಂಬ ಭೇದವಿಲ್ಲ. ಮಡು, ಜಲ್ಲಿಹಾಸು, ದಂಡೆಯ ಬೇರು ಎಲ್ಲವೂ ಒಟ್ಟಿಗೇ ಮೇಲೇಳುತ್ತವೆ. ತಿರುವುಗಳು ನೇರವಾಗಿ ನೀರಿನ ವೇಗ ಏರುತ್ತದೆ, ಬೇರಿಲ್ಲದ ದಂಡೆ ಕುಸಿಯುತ್ತದೆ. ನಾನು ನೋಡಿದ ಒಂದು ಹಳ್ಳದಲ್ಲಿ ಮೇ ತಿಂಗಳಲ್ಲಿ ಎತ್ತಿದ ಮಣ್ಣನ್ನು ದಂಡೆಯ ಮೇಲೇ ರಾಶಿ ಹಾಕಿದ್ದರು. ಜೂನಿನ ಎರಡು ವಾರದ ಮಳೆಗೆ ಅರ್ಧ ರಾಶಿ ಮರಳಿ ಹಳ್ಳದಲ್ಲಿತ್ತು. ಕೆಲಸ ಮಾತ್ರ ಕಾಗದದಲ್ಲಿ ಪೂರ್ಣವಾಗಿತ್ತು.

ಕಾಗದದ ಕುರುಡು ಇದೊಂದರಲ್ಲೇ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಬಳಕೆಗೆ ತಕ್ಕಂತೆ ಐದು ದರ್ಜೆಗಳಲ್ಲಿ ವಿಂಗಡಿಸಿದೆ. ಮೀನು ಮತ್ತು ವನ್ಯಜೀವಿಗಳಿಗೆಂದು ಇರುವ ‘ಡಿ’ ದರ್ಜೆ ಕೇಳುವುದು ಮೂರೇ ಸಂಗತಿ: ಪಿಎಚ್, ಕರಗಿದ ಆಮ್ಲಜನಕ, ಅಮೋನಿಯಾ. ತಳ ಪೂರ್ತಿ ಹೂತುಹೋದ ಹಳ್ಳವೂ ಇದರಲ್ಲಿ ಪಾಸಾಗಬಹುದು. ಬಾಟಲಿಯಲ್ಲಿ ತುಂಬಿ ಕಳಿಸಿದ ನೀರು ಆ ಹೊತ್ತಿನ ಸುದ್ದಿ ಹೇಳುತ್ತದೆ. ಕಲ್ಲಿನಡಿಯ ಹುಳು ಕಳೆದ ಹಲವು ತಿಂಗಳ ಸುದ್ದಿ ಹೇಳುತ್ತದೆ.

ಹಾಗೆಂದು ಮಣ್ಣನ್ನೇ ಶತ್ರು ಮಾಡಿಕೊಳ್ಳಬೇಕಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆಯನ್ನೇ ನೋಡಿ. ತೊರೆಯ ನೀರಿನ ಮೇಲೆ ಚಾಚಿದ ಕಡ್ಡಿಗೆ ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ತೊರೆಯ ಕೆಸರು ತಂದು ಮೊಟ್ಟೆಗೆ ಮೆತ್ತುತ್ತದೆ. ಕೆಸರು ಅಲ್ಲಿ ಹೊದಿಕೆ. ಜಲ್ಲಿಯ ಸಂದಿನಲ್ಲಿ ಅದೇ ಸಮಾಧಿ. ಪ್ರಶ್ನೆ ಇರುವುದು ಎಷ್ಟು, ಎಲ್ಲಿ ಎಂಬುದರಲ್ಲಿ.

ಆದ್ದರಿಂದ ಹೂಳೆತ್ತುವ ಕೆಲಸಕ್ಕೆ ನನ್ನ ಆಕ್ಷೇಪ ಅದು ದುಬಾರಿ ಎಂದಲ್ಲ, ಅದು ಶುರುವಾಗುವ ಜಾಗ ತಪ್ಪು ಎಂದು. ಶುಂಠಿಯ ಬಸಿಗಾಲುವೆ ಹಳ್ಳ ಸೇರುವ ಮುನ್ನ ಅಡ್ಡಲಾಗಿ ಒಂದು ಇಂಗುಗುಂಡಿ, ದಂಡೆಗುಂಟ ಕಡಿಯದೆ ಬಿಟ್ಟ ಗಿಡಗಂಟಿಯ ಪಟ್ಟಿ, ಧರೆ ಕಡಿದ ಮಣ್ಣನ್ನು ಇಳಿಜಾರಿಗೆ ನೂಕದೆ ಸಾಗಿಸುವ ಖರ್ಚು, ಇವೆಲ್ಲ ಅಂದಾಜುಪಟ್ಟಿಯಲ್ಲೇ ಇರಬೇಕು. ಇಂಜಿನಿಯರರ ಅಳತೆ ಪುಸ್ತಕದಲ್ಲಿ (ಎಂ.ಬಿ.) ಎತ್ತಿದ ಮಣ್ಣಿನ ಘನಮೀಟರು ಬರೆಯಲು ಸಾಲಿದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಲಿ: ಮುಂದಿನ ಡಿಸೆಂಬರಿನಲ್ಲಿ ಅದೇ ಜಾಗದ ಹತ್ತು ಕಲ್ಲು ಎತ್ತಿದಾಗ ಎಷ್ಟು ಸಲೀಸಾಗಿ ಎದ್ದವು, ಎಷ್ಟನ್ನು ಕೆಸರಿನಿಂದ ಕೀಳಬೇಕಾಯಿತು? ಬಿಲ್ಲು ಅದಾದ ಮೇಲೆ ಪಾಸಾಗಲಿ.