ಬಾಗಿಲಿಲ್ಲದ ಮನೆ: ರೇಚಲ್ ವೈಟ್‌ರೀಡ್ ಅವರ ‘ಹೌಸ್’

ಸ್ಥಳವನ್ನೇ ಕೃತಿಯ ಭಾಗವಾಗಿಸಿಕೊಂಡು, ನೋಡುಗರು ಅದರ ಸುತ್ತಲೋ ಒಳಗೋ ಓಡಾಡುವಂತೆ ರೂಪಿಸುವ ಪ್ರತಿಷ್ಠಾಪನ ಕಲೆಯಲ್ಲಿ ಮನೆ ಮತ್ತೆ ಮತ್ತೆ ಬರುವ ವಸ್ತು. ಬ್ರಿಟಿಷ್ ಶಿಲ್ಪಿ ರೇಚಲ್ ವೈಟ್‌ರೀಡ್ 1993ರಲ್ಲಿ ಪೂರ್ವ ಲಂಡನ್ನಿನ ಗ್ರೋವ್ ರಸ್ತೆಯಲ್ಲಿ ನಿಲ್ಲಿಸಿದ ‘ಹೌಸ್’ ಮಾತ್ರ ಒಳಹೋಗುವ ದಾರಿಯನ್ನೇ ಮುಚ್ಚಿತು. ಸಾಲುಮನೆಗಳೆಲ್ಲ ಉರುಳಿದ ಮೇಲೆ ಉಳಿದಿದ್ದ ವಿಕ್ಟೋರಿಯಾ ಕಾಲದ ಮನೆಯೊಂದರ ಒಳಗೋಡೆಗಳಿಗೆ ಕಾಂಕ್ರೀಟ್ ಸಿಂಪಡಿಸಿ, ಅದು ಗಟ್ಟಿಯಾದ ಬಳಿಕ ಹೊರಗಿನ ಇಟ್ಟಿಗೆಗಳನ್ನು ಕಳಚಲಾಯಿತು. ಹೀಗೆ ಮನೆಯೇ ಅಚ್ಚಾಗಿ, ಜನ ಬಾಳಿದ ಟೊಳ್ಳು ಎರಕವಾಯಿತು; ಒಳಗಿನಿಂದ ತಗ್ಗಾಗಿ ಕಾಣುತ್ತಿದ್ದ ಕಿಟಕಿಗಳೂ ಅಗ್ಗಿಷ್ಟಿಕೆಗಳೂ ಹೊರಮೈಯಲ್ಲಿ ಉಬ್ಬಿ ನಿಂತವು.

ಇದನ್ನು ನೆನಪಿನ ಸ್ಮಾರಕವೆಂದು ಹೊಗಳುವುದು ರೂಢಿಯಾದರೂ ಆ ಮಾತು ಪೂರ್ತಿ ಒಪ್ಪುವಂಥದ್ದಲ್ಲ. ಎರಕವು ಗೋಡೆಯ ಅಳತೆಯನ್ನು ಹಿಡಿಯುತ್ತದೆಯೇ ಹೊರತು ಆ ಗೋಡೆಗೆ ಒರಗಿ ಕೂತವರನ್ನಲ್ಲ. ಒಂದೇ ಕೋಣೆಯನ್ನು ಪ್ಲಾಸ್ಟರಿನಲ್ಲಿ ಎರಕಹೊಯ್ದ ವೈಟ್‌ರೀಡ್ ಅವರ ‘ಘೋಸ್ಟ್’ (1990) ಕೃತಿಯಲ್ಲಿ ಅಗ್ಗಿಷ್ಟಿಕೆಯ ಮಸಿಯೂ ಅಂಟಿಕೊಂಡು ಬಂದಿದೆ, ಮತ್ತು ಆ ಮಸಿ ಅಲ್ಲಿ ನಿಜವಾಗಿ ಉರಿದ ಬೆಂಕಿಯದು. ‘ಹೌಸ್’ನ ಒಂದೇ ಸಮನಾದ ಬೂದುಮೈಯಲ್ಲಿ ಅಂಥ ಸಾಕ್ಷ್ಯ ಕಡಿಮೆ. ಆದರೆ ಈ ಬಡತನದಲ್ಲಿಯೇ ಅದರ ಕಸುವೂ ಇದೆ: ಖಾಸಗಿ ಬದುಕಿನ ಒಳಗನ್ನು ಬೀದಿಯ ಕಣ್ಣಿಗೆ ಒಡ್ಡಿಯೂ ಅದು ಯಾರ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಇದಕ್ಕೆ ಹೋಲಿಸಿದರೆ, ಕೊರಿಯಾದ ಕಲಾವಿದ ಡೋ ಹೋ ಸುಹ್ 1999ರಲ್ಲಿ ತಮ್ಮ ಸೋಲ್ ನಗರದ ಮನೆಯನ್ನು ರೇಷ್ಮೆಯಲ್ಲಿ ಹೊಲಿದು, ಮಡಚಿ ಒಯ್ಯಬಹುದಾದ ಮನೆಯಾಗಿಸಿದರು. ಕೌಶಲ ಬೆರಗು ಹುಟ್ಟಿಸುವಂಥದ್ದು, ಆದರೆ ಅಲ್ಲಿ ಅಗಲಿಕೆಯ ನೋವು ತೀರ ಬೇಗ ಸೊಗಸಾಗಿಬಿಡುತ್ತದೆ. ವೈಟ್‌ರೀಡ್ ಆ ಸಮಾಧಾನವನ್ನು ಕೊಡುವುದಿಲ್ಲ.

1993ರ ನವೆಂಬರ್ 23ರಂದು ಅವರಿಗೆ ಬ್ರಿಟನ್ನಿನ ಕಲಾಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂತು. ಈ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಅದೇ ದಿನ ಸ್ಥಳೀಯ ಆಡಳಿತ ಕೃತಿಯನ್ನು ಕೆಡವಲು ತೀರ್ಮಾನಿಸಿತು, 1994ರ ಜನವರಿ 11ರಂದು ಅದು ನೆಲಸಮವಾಯಿತು. ಇದನ್ನು ಬರಿಯ ಅಧಿಕಾರಿಗಳ ಅರಸಿಕತೆಯೆಂದು ಬೈದು ಮುಗಿಸಿದರೆ, ಕೃತಿ ಮೊದಲಿನಿಂದಲೂ ತಾತ್ಕಾಲಿಕವಾಗಿತ್ತು ಎಂಬುದು ಮರೆತುಹೋಗುತ್ತದೆ. ಅಲ್ಲಿ ನಿಂತೇ ಇದ್ದಿದ್ದರೆ ಅದು ಹಸಿರು ಹುಲ್ಲಿನ ನಡುವಿನ ಪ್ರೇಕ್ಷಣೀಯ ಶಿಲ್ಪವಾಗಿ, ಅಕ್ಕಪಕ್ಕದ ಮನೆಗಳನ್ನು ಕೆಡವಿದ್ದು ಯಾರು, ಏಕೆ ಎಂಬ ಪ್ರಶ್ನೆಯನ್ನೇ ಮಸುಕಾಗಿಸುವ ಸಂಭವವಿತ್ತು.